ಬೆಂಚಿನ ಕೆಳಗಿನ ಕಾಲುಗಳು

ಆ ಶಾಲೆಯ ಎರಡನೇ ತರಗತಿಗೆ ತಗಡಿನ ಸೂರು. ಪಕ್ಕದ ಗೋಡೆಗೆ ಅಂಟಿಕೊಂಡೇ ಒಂದು ವೆಲ್ಡಿಂಗ್ ಶೆಡ್ಡು. ಬೆಳಗಿನಿಂದ ಸಂಜೆವರೆಗೂ ಕಬ್ಬಿಣ ಬಡಿಯೋದೇ ಬಡಿಯೋದು. ಅಂಥ ಕೋಣೆಯಲ್ಲಿ, ಊಟದ ನಂತರದ ಪೀರಿಯಡ್ಡಿನಲ್ಲಿ, ಕಣ್ಣು ಎಳೆಯುತ್ತಿರುವ ಮಕ್ಕಳನ್ನು ಎಚ್ಚರವಾಗಿಡೋದು ಹುಡುಗಾಟದ ಮಾತಲ್ಲ. ಆ ಟೀಚರ್ ಇಡುತ್ತಿದ್ದಳು. ಅದೂ ಬೆತ್ತವಿಲ್ಲದೆ, ಒಂದು ಮೇಕೆಯ ದನಿಯಿಂದ.

ಕಥೆ ಅವಳೇ ಕಟ್ಟಿದ್ದು. ಒಂದು ಮೇಕೆ ಮೆಟ್ಟಿಲು ಹತ್ತಿ ತಾರಸಿಗೆ ಹೋಗುತ್ತದೆ, ಕೆಳಗೆ ಬರೋಲ್ಲ ಅಂತ ಹಟ ಹಿಡಿಯುತ್ತದೆ. ಇಡೀ ಬೀದಿ ಬಂದು ಗೋಗರೆಯುತ್ತದೆ. ಪೊಲೀಸಿನವನು ಲಾಠಿ ತೋರಿಸುತ್ತಾನೆ, ಡಾಕ್ಟರು ಸೂಜಿ ತೋರಿಸುತ್ತಾರೆ. ಏನೇ ವಾದ ಮಾಡಿದರೂ ಎಲ್ಲರಿಗೂ ಮೇಕೆಯದು ಕೊನೆಗೆ ಒಂದೇ ಉತ್ತರ: "ಬರಲ್ಲ ಹೋಗಯ್ಯ." ಈ ಮಾತನ್ನು ಟೀಚರ್ ಗದ್ದ ಮೇಲೆತ್ತಿ, ಗಂಟಲು ನಡುಗಿಸಿ, ಅರ್ಧ ಮೂಗಿನಿಂದ ಹೇಳಿದಳೋ, ಮಕ್ಕಳು ನಕ್ಕು ನಕ್ಕು ಬೆಂಚಿನಿಂದ ಜಾರುತ್ತಿದ್ದವು. ಎಲ್ಲರ ಬಾಯಲ್ಲೂ ಅವಳು ಮೇಕೆ ಟೀಚರ್. ಅವಳಿಗೇನೂ ಬೇಜಾರಿರಲಿಲ್ಲ. ಮದುವೆ ಅಂತ ಆಗಲಿಲ್ಲ, ಅಕ್ಕನ ಜೊತೆ ಎರಡು ಕೋಣೆಯ ಸಂಸಾರ. ಇದು ನನ್ನದು ಅಂತ ಎದೆ ತಟ್ಟಿ ಹೇಳಿಕೊಳ್ಳೋಕೆ ಅವಳಿಗಿದ್ದದ್ದು ಆ ಮೇಕೆ ಒಂದೇ.

ಶೆಡ್ಡಿನ ಸದ್ದನ್ನು ಮೀರಿಸಿ ವರ್ಷಗಟ್ಟಲೆ ಕೂಗಿದರೆ ಯಾರ ಗಂಟಲು ತಾನೇ ಉಳಿದೀತು? ಮೊದಲು ಕರಕರ ಅಂತು, ಆಮೇಲೆ ಒಡೆಯಿತು. ಒಳಗೆ ಗಂಟಾಗಿದೆ, ತೆಗೆಯಲೇಬೇಕು ಅಂದರು ಡಾಕ್ಟರು. ತೆಗೆದರು. ದನಿ ನಿಧಾನಕ್ಕೆ ಬರುತ್ತೆ, ಕಾಯಿರಿ ಅಂದರು. ಕಾದಳು, ಪಾಪ. ಬಂದದ್ದು ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಂಥ ಸುಯ್ ಅನ್ನೋ ಶಬ್ದ, ಅಷ್ಟೇ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಗದ್ದ ಎತ್ತಿ, ದಿನಾ ಮೇಕೆಯನ್ನು ಕರೆದು ನೋಡುತ್ತಿದ್ದಳು. ಗಾಳಿ ಬಿಟ್ಟು ಇನ್ನೇನೂ ಬರುತ್ತಿರಲಿಲ್ಲ. ಅಕ್ಕನಿಗೆ ಕೇಳದಿರಲಿ ಅಂತ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಅಳೋಕೂ ದನಿ ಇಲ್ಲದವಳಿಗೆ ನಲ್ಲಿ ಯಾಕೆ ಬೇಕಿತ್ತೋ!

ಹೆಡ್‌ಮಿಸ್ ಕೆಟ್ಟವರೇನಲ್ಲ. ವರ್ಷ ಮುಗಿಯೋವರೆಗೂ ಇರಿ, ಬೋರ್ಡಿನ ಮೇಲೆ ಬರೆಯಿರಿ, ಓದಿ ಹೇಳೋಕೆ ಡ್ರಿಲ್ ಮೇಷ್ಟ್ರನ್ನು ಕಳಿಸ್ತೀನಿ, ಆಮೇಲೆ ನೋಡೋಣ ಅಂದರು. ಆಮೇಲೆ ನೋಡೋಣ ಅನ್ನೋದರ ಅರ್ಥ ಆ ಶಾಲೆಯ ಗೇಟಿಗೂ ಗೊತ್ತಿತ್ತು. ಕೆಲಸ ಹೋದರೆ ಹೋಗಲಿ, ಅಕ್ಕನ ಹೊಲಿಗೆ ಅಂಗಡಿ ಇದೆ, ಹೇಗೋ ಆಗುತ್ತೆ ಅಂತ ಟೀಚರ್ ಮನಸ್ಸು ಗಟ್ಟಿ ಮಾಡಿಕೊಂಡಳು. ಆದರೆ ಮೇಕೆ? ಅದು ತನ್ನ ಗಂಟಲೊಳಗೇ ಸತ್ತು ಹೋಗುತ್ತಲ್ಲ! ಬಾಯಲ್ಲಿ ಹೇಳೋಕಾಗದಿದ್ದರೆ ಬರೆದಾದರೂ ಇಡ್ತೀನಿ ಅಂತ ಕೂತಳು.

ಬರೆದಳು ನೋಡಿ, ದೇವರಿಗೇ ಪ್ರೀತಿ. ಬಾಯಲ್ಲಿ ಕುಣಿಯುತ್ತಿದ್ದ ಮೇಕೆ ಕಾಗದದ ಮೇಲೆ ಕೈಕಟ್ಟಿ ನಿಂತಿತು. ಟೀಚರುಗಳ ಹಣೆಬರಹವೇ ಅದು; ಪೆನ್ನು ಹಿಡಿದ ತಕ್ಷಣ ಪಠ್ಯಪುಸ್ತಕ ಮೈಮೇಲೆ ಬರುತ್ತದೆ. "ನಾನು ಕೆಳಗೆ ಬರಲಾರೆನು" ಅಂದಿತು ಮೇಕೆ. ಕೊನೆಗೆ, "ಮಕ್ಕಳೇ, ಹಟಮಾರಿತನ ಒಳ್ಳೆಯದಲ್ಲ" ಅಂತ ಒಂದು ನೀತಿ ಬೇರೆ.

ಮಕ್ಕಳ ಪುಸ್ತಕ ಮಾಡುವ ಒಂದು ಪ್ರಕಾಶನಕ್ಕೆ ತಾನೇ ಹೋದಳು. ಅಂಟು, ಕಾಗದದ ವಾಸನೆಯ ಮಹಡಿ ಕೋಣೆ. ಸಂಪಾದಕಿ ಎದುರಿಗೇ ಕೂರಿಸಿಕೊಂಡು ಓದಿದರು. ಕಾಲ ಮೇಲೆ ಕಾಲು ಹಾಕಿ, ಹೆಬ್ಬೆರಳಿಗೆ ಚಪ್ಪಲಿ ನೇತುಹಾಕಿಕೊಂಡು ಟಪಟಪ ಆಡಿಸುತ್ತಾ ಓದಿದರು. ಓದಿ ಕನ್ನಡಕ ತೆಗೆದರು.

"ಟೀಚರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಮೇಕೆ ಪಾಠ ಮಾಡ್ತಾ ಇದೆ. ಮಕ್ಕಳು ಶಾಲೆಯಲ್ಲಿ ಕೇಳೋದು ಸಾಲದೇ?"

ಇಲ್ಲ, ಅದು ಹಾಗಲ್ಲ, ಒಂದು ಸಲ ಕೇಳಿಸಿಕೊಳ್ಳಿ ಅಂತ ಟೀಚರ್ ಗದ್ದ ಎತ್ತಿ ಬಾಯಿ ತೆರೆದಳು. ಗಾಳಿ. ಸಂಪಾದಕಿ ಗಾಬರಿಯಾಗಿ ನೀರಿನ ಲೋಟ ಮುಂದಿಟ್ಟರು. ಟೀಚರ್ ಆ ನೀರು ಕುಡಿದು, ಕೈಮುಗಿದು, ಮೆಟ್ಟಿಲಿಳಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು ಅವಳಿಗೆ.

ಇನ್ನೊಂದು ಕಡೆಯಿಂದ ಕಥೆ ಟೀ ಲೋಟದ ಕಲೆ ಹೊತ್ತು ವಾಪಸ್ ಬಂತು. ಓದಿದ ಗುರುತು ಮಾತ್ರ ಇರಲಿಲ್ಲ. ಮತ್ತೊಬ್ಬ ಮಹಾನುಭಾವರು, ಮೇಕೆ ಯಾರಿಗೆ ಬೇಕು, ಮೊಲ ಮಾಡಿ ಕೊಡಿ ಅಂದರು. ಮೊಲವಂತೆ! ತಾರಸಿ ಹತ್ತಿ ಪೊಲೀಸಿನವನಿಗೆ ಎದುರು ಮಾತಾಡೋಕೆ ಮೊಲಕ್ಕೆ ಧೈರ್ಯ ಎಲ್ಲಿಂದ ಬರಬೇಕು? ಅಕ್ಕ ಎಷ್ಟು ದಿನ ಅಂತ ಸುಮ್ಮನಿರುತ್ತಾಳೆ. ಹೊಲಿಗೆ ಮಿಷಿನ್ನಿನ ಮೇಲಿಂದ ತಲೆ ಎತ್ತದೇ ಹೇಳಿಬಿಟ್ಟಳು.

"ಸಾಕು ಕಣೇ. ನಾಳೆಯಿಂದ ಬಾ, ಅಂಚು ಹೊಲಿಯೋದು ಕಲಿ. ಬಟ್ಟೆ ಜೊತೆ ಮಾತಾಡೋ ಹಾಗಿಲ್ಲ."

ಅಕ್ಕನ ಮಾತಿನಲ್ಲಿ ಕೊಂಕು ಇರಲಿಲ್ಲ, ಕರುಳಿತ್ತು. ಅದಕ್ಕೇ ಅದು ಹೆಚ್ಚು ಚುಚ್ಚಿತು. ಅವತ್ತು ಟೀಚರ್ ಊಟ ಮಾಡಲಿಲ್ಲ. ಕಾಗದಗಳನ್ನು ಸುಟ್ಟೇಬಿಡೋಣ ಅಂತ ಒಲೆ ತನಕ ಹೋಗಿ ಬಂದಳು.

ಇಷ್ಟರ ನಡುವೆ ಡ್ರಿಲ್ ಮೇಷ್ಟ್ರು. ಕತ್ತಿನಲ್ಲಿ ಸೀಟಿ ಇಳಿಬಿಟ್ಟುಕೊಂಡೇ ಇರುತ್ತಿದ್ದರಿಂದ ಮಕ್ಕಳು ಅವರಿಗೆ ಸೀಟಿ ಮೇಷ್ಟ್ರು ಅನ್ನುತ್ತಿದ್ದವು. ಅವರು ಓದೋದು ಅಂದರೆ ಹಾಜರಿ ಕೂಗಿದ ಹಾಗೆ. ಸಂತೋಷಕ್ಕೂ ಸಾವಿಗೂ ಒಂದೇ ದನಿ. ಒಂದು ಮಧ್ಯಾಹ್ನ ಓದೋಕೆ ಏನೂ ಸಿಗದೆ, ಟೀಚರ್ ಮೇಜಿನ ಮೇಲಿದ್ದ ಮೇಕೆ ಕಥೆಯನ್ನೇ ಎತ್ತಿಕೊಂಡುಬಿಟ್ಟರು. ಟೀಚರ್ ಬೆಂಚುಗಳ ಹಿಂದೆ ನಿಂತಿದ್ದಳು. ಮುಂದೆ ನಿಂತರೆ ಮಕ್ಕಳು ಅವಳನ್ನು ಅಯ್ಯೋ ಪಾಪ ಅನ್ನೋ ಹಾಗೆ ನೋಡುತ್ತಿದ್ದವು, ಅದು ಅವಳಿಂದ ತಡೆಯೋಕಾಗುತ್ತಿರಲಿಲ್ಲ. ಬೇಡ ಮೇಷ್ಟ್ರೇ ಅಂತ ಕೂಗೋಣ ಅಂದರೆ ದನಿ ಎಲ್ಲಿದೆ?

ಹಿಂದೆ ನಿಂತವಳಿಗೆ ಮುಖಗಳು ಕಾಣಲಿಲ್ಲ, ಬೆಂಚಿನ ಕೆಳಗಿನ ಕಾಲುಗಳು ಕಂಡವು. ಮೊದಲ ಪುಟ ಮುಗಿಯೋ ಹೊತ್ತಿಗೆ ಒಂದು ಜೊತೆ ಕಾಲು ತೂಗಾಡತೊಡಗಿತು. ಆಮೇಲೆ ಪಕ್ಕದ್ದು. ಆಮೇಲೆ ಸಾಲಿಗೆ ಸಾಲೇ. ತನ್ನ ಮೇಕೆ ಕಣ್ಣೆದುರಿಗೇ ಸಾಯುತ್ತಿದೆ, ತಾನು ಗೋಡೆಗೊರಗಿ ನೋಡುತ್ತಿದ್ದೇನೆ ಅನ್ನಿಸಿ ಅವಳ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಒಂದು ಕಡೆ ಕಾಲುಗಳೆಲ್ಲ ಗಕ್ಕನೆ ನಿಂತವು. ಏನು ಓದಿದರು ಈ ಮನುಷ್ಯ? ಸೂಜಿ ಕಂಡ ಮೇಕೆ ಡಾಕ್ಟರಿಗೆ, "ಮೊದಲು ನೀನು ಚುಚ್ಚಿಸ್ಕೋ" ಅನ್ನುವ ಮಾತು. ತಿದ್ದೋದು ಮರೆತು, ಬಾಯಲ್ಲಿ ಹೇಳುತ್ತಿದ್ದ ಹಾಗೇ ಬಿಟ್ಟಿದ್ದ ಒಂದೇ ಸಾಲು. ಅದನ್ನೂ ಮೇಷ್ಟ್ರು ಹಾಜರಿಯ ದನಿಯಲ್ಲೇ ಓದಿದ್ದರು. ಆದರೂ ಕಾಲು ನಿಂತಿದ್ದವು.

ಅವತ್ತಿನಿಂದ ಅವಳಿಗೆ ಹುಚ್ಚು ಹಿಡಿದ ಹಾಗಾಯಿತು. ಕಾಲು ಅಲ್ಲಾಡಿದ ಕಡೆಯೆಲ್ಲ ಕತ್ತರಿಸಿದಳು. ಬರಲಾರೆನು ಹೋಯಿತು, ಬರಲ್ಲ ಹೋಗಯ್ಯ ಬಂತು. ನೀತಿ ಓದುವಾಗ ಇಡೀ ತರಗತಿಯೇ ಉಯ್ಯಾಲೆಯಾಗಿತ್ತು. ಅದನ್ನು ಬುಡಸಮೇತ ಕಿತ್ತಳು. ತಿದ್ದಿದ್ದನ್ನು ಮತ್ತೆ ಓದಿ ಅಂತ ಸೀಟಿ ಮೇಷ್ಟ್ರ ಮುಂದೆ ಹಿಡಿದಳು. ಇದೇನು ಟೀಚರ್, ಕನಸಲ್ಲೂ ಮೇಕೆ ಬರ್ತಾ ಇದೆ ಅಂತ ಅವರು ಗೊಣಗಿದರು, ಆದರೂ ಓದಿದರು. ಒಂದು ಸಾಲು ಸರಿಯಾದರೆ ಇನ್ನೊಂದು ಕೆಡುತ್ತಿತ್ತು. ಕೆಲವು ದಿನ ಎಲ್ಲ ಕಾಲುಗಳೂ ತೂಗಾಡಿ, ಅವಳು ಮನೆಗೆ ಹೋಗಿ ಮುಸುಕು ಹಾಕಿ ಮಲಗಿಬಿಡುತ್ತಿದ್ದಳು. ಪರೀಕ್ಷೆ ಹತ್ತಿರ ಬಂತು. ಇನ್ನು ತರಗತಿಯೇ ಇರೋದಿಲ್ಲ ಅನ್ನುವಾಗ, ಒಂದು ಮಧ್ಯಾಹ್ನ, ಪಕ್ಕದ ಶೆಡ್ಡು ಬಡಿಯುತ್ತಿರುವಾಗಲೇ, ಆ ಬರಡು ದನಿಯ ಓದು ಕೊನೆಯವರೆಗೂ ನಡೆಯಿತು. ಒಂದು ಕಾಲೂ ಅಲ್ಲಾಡಲಿಲ್ಲ.

ವರ್ಷ ಮುಗಿಯಿತು, ಹೆಡ್‌ಮಿಸ್ ಕಣ್ಣು ತಪ್ಪಿಸಿ ಮಾತಾಡಿದರು, ಕೆಲಸ ಹೋಯಿತು. ಟೀಚರ್ ಮತ್ತೆ ಆ ಮಹಡಿ ಕೋಣೆಯ ಮೆಟ್ಟಿಲು ಹತ್ತಿದಳು. ಸಂಪಾದಕಿ ಒಲ್ಲದ ಮನಸ್ಸಿನಿಂದಲೇ ಓದತೊಡಗಿದರು. ಟೀಚರ್ ಅವರ ಮುಖ ನೋಡಲೇ ಇಲ್ಲ, ಮೇಜಿನ ಕೆಳಗೆ ನೋಡಿದಳು. ಟಪಟಪ ಆಡುತ್ತಿದ್ದ ಚಪ್ಪಲಿ ಎರಡನೇ ಪುಟಕ್ಕೆ ನಿಂತಿತು. ಆಮೇಲೆ ಹೆಬ್ಬೆರಳಿನಿಂದ ಜಾರಿ ಕೆಳಗೆ ಬಿತ್ತು, ಅವರಿಗೆ ಗೊತ್ತೇ ಆಗಲಿಲ್ಲ.

ಪುಸ್ತಕ ಬಂತು. ಅಕ್ಕ ಅದನ್ನು ಅಂಗಡಿಯ ಗಾಜಿನ ಹಿಂದೆ, ದಾರದ ಉಂಡೆಗಳ ನಡುವೆ ನಿಲ್ಲಿಸಿ ಬಂದವರಿಗೆಲ್ಲ ತೋರಿಸಿದಳು. ತಂಗಿ ನಕ್ಕಳು, ಅಂಚು ಹೊಲಿದಳು. ಒಳಗೆ ಮಾತ್ರ ಬೇಯುತ್ತಿದ್ದಳು. ಅಕ್ಷರ ಉಳಿಯಿತು, ದನಿ ಹೋಯಿತಲ್ಲ. ತನ್ನ ಮೇಕೆ ಹೇಗೆ ಕೂಗುತ್ತಿತ್ತು ಅಂತ ಇನ್ನು ಯಾರಿಗೂ ಗೊತ್ತಾಗೋದಿಲ್ಲ ಅನ್ನೋ ಸಂಕಟ ಬಚ್ಚಲುಮನೆಯ ತನಕ ಹಿಂದೆ ಹಿಂದೆಯೇ ಬರುತ್ತಿತ್ತು.

ಒಂದು ಸಂಜೆ, ಅಂಗಡಿಯಿಂದ ವಾಪಸ್ ಬರುವ ಬಸ್ಸಿನಲ್ಲಿ, ಮುಂದಿನ ಸೀಟಿನ ಅಜ್ಜಿ ಮೊಮ್ಮಗಳಿಗೆ ಪುಸ್ತಕ ಓದುತ್ತಿದ್ದರು. ಟೀಚರ್ ಕತ್ತು ಚಾಚಿ ನೋಡಿದಳು. ಅದೇ ಪುಸ್ತಕ. ಅಜ್ಜಿಯ ಓದು ಸೀಟಿ ಮೇಷ್ಟ್ರಿಗೂ ಒಂದು ಕೈ ಮೇಲು. ಮೊಮ್ಮಗಳು ತಡೆದಳು.

"ಅಜ್ಜಿ, ಮೇಕೆ ಹಾಗೆ ಹೇಳಲ್ಲ."

ಹೇಳಿ, ತಾನೇ ಹೊಟ್ಟೆಯೊಳಗಿಂದ ಕಪ್ಪೆಯ ಹಾಗೆ ದಪ್ಪ ದನಿ ತೆಗೆದು, "ಬರಲ್ಲ ಹೋಗಯ್ಯ" ಅಂದಳು. ಅಲ್ಲವೇ ಅಲ್ಲ, ತಪ್ಪು ಅಂತ ಟೀಚರಿಗೆ ಸಿಟ್ಟೇ ಬಂತು. ತಿದ್ದೋಕೆ ಅಂತ ಮುಂದೆ ಬಗ್ಗಿ ಬಾಯಿ ತೆರೆದಳು, ಬರೀ ಗಾಳಿ ಬಂತು. ಮಗು ತಿರುಗಿ, ಸೀಟಿನ ಮೇಲೆ ಗದ್ದವಿಟ್ಟು, ಅವಳನ್ನೇ ನೋಡತೊಡಗಿತು.

ಅಷ್ಟರಲ್ಲಿ ಅವಳ ಸ್ಟಾಪ್ ಬಂತು. ದಿನಾ ನೋಡುವ ಕಂಡಕ್ಟರು ಬಾಗಿಲಿನಿಂದಲೇ, ಬನ್ನಿ ಮೇಡಂ, ಇಳೀರಿ ಅಂದ. ಟೀಚರ್ ಏಳಲಿಲ್ಲ. ಅವಳ ಗದ್ದ ತಾನಾಗಿಯೇ ಮೇಲೆದ್ದಿತು, ಗಂಟಲು ನಡುಗಿತು, ತುಟಿಗಳು ಅಷ್ಟೂ ಮಾತನ್ನು ಆಡಿದವು. ಶಬ್ದ ಮಾತ್ರ ಇರಲಿಲ್ಲ. ಆ ತುಟಿಗಳನ್ನೇ ನೋಡುತ್ತಿದ್ದ ಮಗುವಿನ ಕಣ್ಣು ಅರಳಿತು. ಅದು ಕಂಡಕ್ಟರನ ಕಡೆ ತಿರುಗಿ, ಅವಳ ಹಾಗೇ ಗದ್ದ ಎತ್ತಿ, ತನ್ನ ಕಪ್ಪೆ ದನಿಯಲ್ಲಿ ಅವಳ ಪರವಾಗಿ ಹೇಳಿತು.

"ಬರಲ್ಲ ಹೋಗಯ್ಯ."

ಬಸ್ಸೆಲ್ಲ ನಕ್ಕಿತು. ಟೀಚರ್ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕಂಡಕ್ಟರು ಏನೂ ಅರ್ಥವಾಗದೆ ರೈಟ್ ಅಂದ, ಬಸ್ಸು ಹೊರಟಿತು.