ಕಡೇ ಪಡ ನೋಡುವ ದೊಡ್ಡಮ್ಮ

ಕೊಯಮತ್ತೂರಿನ ಹತ್ತಿರದ ಸಿರುಮುಗೈಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ ದೊಡ್ಡಮ್ಮನಿಗೆ ಯಾವ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ. ಆದರೂ ಸೀರೆ ಕೊಡಲು ಕೊಯಮತ್ತೂರಿಗೆ ಹೋದಾಗಲೆಲ್ಲ ಹಳೇ ಪುಸ್ತಕದ ಅಂಗಡಿಯಿಂದ ನಮಗೊಂದು ಚಿತ್ರಪುಸ್ತಕ ಆರಿಸಿ ತರುತ್ತಿದ್ದರು. ಆರಿಸುವಾಗ ಕೊನೆಯ ಪುಟದ ಚಿತ್ರವನ್ನೇ ಮೊದಲು ನೋಡುವರು. "ಸೀರೆಗೆ ಸೆರಗು ನೋಡು, ಬುಕ್ಕಿಗೆ ಕಡೇ ಪಡ ನೋಡು" ಎನ್ನುವರು; ಅವರ ಬಾಯಲ್ಲಿ ಚಿತ್ರವೆಂದರೆ ಪಡ.

ಒಮ್ಮೆ ಬೇಸ್‌ಬಾಲಿನ ಪುಸ್ತಕ ಬಂತು. ನಮಗೆ ಗೊತ್ತಿದ್ದದ್ದು ಚಿನ್ನಿದಾಂಡು ಮಾತ್ರ. ಸಂಜೆ ದೊಡ್ಡಮ್ಮ ಮಗ್ಗ ಬಿಟ್ಟೆದ್ದು ಬಂದು, ಪಟ್ಟೆ ಅಂಗಿಯ ಹುಡುಗ ಚೆಂಡು ಹೊಡೆದು, ಓಡಿ, ಗೆದ್ದ ಕಥೆಯನ್ನು ಚಿತ್ರ ನೋಡಿಕೊಂಡೇ ಹೇಳಿದರು. ಆಮೇಲೆ ದಿನವೂ ನಮಗೆ ಅದೇ ಬೇಕು.

ನಾನು ಇಂಗ್ಲಿಷ್ ಕೂಡಿಸಿ ಓದಲು ಕಲಿತ ವರ್ಷ ಆ ಪುಸ್ತಕವನ್ನು ಗಟ್ಟಿಯಾಗಿ ಓದಿದೆ.

"ದೊಡ್ಡಮ್ಮಾ, ಇವ್ನು ಸೋತೋದ ಅಂತ ಬರ್ದೈತೆ" ಎಂದೆ. ನನ್ನ ತಮ್ಮನ ಕಣ್ಣು ತುಂಬಿತು.

ದೊಡ್ಡಮ್ಮ ಪುಸ್ತಕ ತೆಗೆದುಕೊಂಡು ಕೊನೆಯ ಪುಟ ತೆರೆದರು. ಹುಡುಗ ಮಣ್ಣು ಮೆತ್ತಿದ ಅಂಗಿಯಲ್ಲೇ ಅಮ್ಮನ ಎದುರು ಕೂತು ಉಣ್ಣುತ್ತಿದ್ದ.

"ಸೋತ್ರೆ ಸೋಲ್ಲಿ, ನನ್ ಕಣ್ಣೇ. ಮನೇಗೆ ಬಂದು ನಕ್ಕೊಂಡು ಉಣ್ತಾವ್ನೆ ನೋಡು. ಇದ್ನ ನೋಡೇ ನಾನು ಗೆದ್ದ ಅಂದಿದ್ದು."

ತಮ್ಮ ಮೂಗೊರೆಸಿಕೊಂಡು ಅವರಿಗೆ ಒತ್ತಿಕೊಂಡು ಕೂತ. "ಮೊದ್ಲಿಂದ ಹೇಳು, ನೀನೇ" ಎಂದ.