ಬಾಣಂತಿ ಕೋಣೆಯ ಹೀಟರ್

2006ರ ಜುಲೈ ತಿಂಗಳು. ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿ, ಮನೆಗಳ ಗ್ಯಾಸ್ ಹೀಟರ್ ರಿಪೇರಿ ಮಾಡುವ ಸಣ್ಣ ಕಂಪನಿಯೊಂದರಲ್ಲಿ ನಾನು ಸೀನಿಯರ್ ಟೆಕ್ನಿಷಿಯನ್ ಆಗಿದ್ದೆ. ಉಡುಪಿ ಬಿಟ್ಟು ಹನ್ನೊಂದು ವರ್ಷ, ಲೈಸೆನ್ಸ್ ಸಿಕ್ಕಿ ಎಂಟು ವರ್ಷ ಆಗಿತ್ತು. ಜುಲೈ ಎಂದರೆ ಇಲ್ಲಿ ಚಳಿಗಾಲ, ದಿನಕ್ಕೆ ಏಳೆಂಟು ಮನೆ. ಎಲ್ಲ ಕಡೆಯೂ ಕೇಳುತ್ತಿದ್ದುದು ಒಂದೇ: ರಿಪೇರಿ ಸಾಕೋ, ಹೊಸದೇ ಹಾಕಿಸಬೇಕೋ? ಐದು ನಿಮಿಷದಲ್ಲಿ ಹೇಳಿಬಿಡಬಲ್ಲೆ ಎಂಬ ಹೆಮ್ಮೆ ನನಗಿತ್ತು.

ಇಲ್ಲಿನ ಹಳೆಯ ಮನೆಗಳಲ್ಲಿ ಹೀಟರ್ ಎಂದರೆ ಮರದ ನೆಲದ ಕೆಳಗೆ ಕೂರಿಸಿದ ದೊಡ್ಡ ಪೆಟ್ಟಿಗೆ. ಅದರೊಳಗೆ ಹೀಟ್ ಎಕ್ಸ್‌ಚೇಂಜರ್ ಎಂಬ ತಗಡಿನ ಗೂಡು. ಗ್ಯಾಸ್ ಉರಿಯುವುದು ಗೂಡಿನ ಒಳಗೆ. ಅದರ ಹೊಗೆ ಕೊಳವೆ ಹಿಡಿದು ಮನೆಯಿಂದಾಚೆ ಹೋಗುತ್ತದೆ. ಗೂಡಿನ ಹೊರಮೈ ಸೋಕಿ ಬಿಸಿಯಾದ ಗಾಳಿಯನ್ನು ಫ್ಯಾನು ಕೋಣೆ ಕೋಣೆಗೆ ತಳ್ಳುತ್ತದೆ. ಉಸಿರಾಡುವ ಗಾಳಿಗೂ ವಿಷದ ಹೊಗೆಗೂ ನಡುವೆ ಇರುವುದು ಆ ತಗಡೊಂದೇ.

ಒಂದು ಮಂಗಳವಾರ ಬೆಳಿಗ್ಗೆ ವಿದ್ಯಾ ಎಂಬವರು ಫೋನ್ ಮಾಡಿದರು. ಹಿಂದಿನ ವರ್ಷ ಅವರ ಮನೆಯ ಹೀಟರಿಗೆ ಫ್ಯಾನ್ ಮೋಟರ್ ಬದಲಿಸಿದ್ದು ನಾನೇ. ಈಗ ಅದು ಹತ್ತಿಕೊಂಡ ಸ್ವಲ್ಪ ಹೊತ್ತಿಗೆಲ್ಲ ಆರಿಹೋಗುತ್ತಿತ್ತು. ಮನೆಯಲ್ಲಿ ಹದಿನೆಂಟು ದಿನದ ಮಗು. ಗಂಡ ಪ್ರಸನ್ನ ವಾರವಿಡೀ ನಾರ್ತ್ ಸಿಡ್ನಿಯ ಆಫೀಸಿನಲ್ಲಿ. ಶುಕ್ರವಾರ ವಿಮಾನ ಹತ್ತಿ ಮನೆಗೆ ಬರುವವರು. ಬಾಣಂತನಕ್ಕೆಂದು ಧಾರವಾಡದಿಂದ ವಿದ್ಯಾರ ತಾಯಿ ಶಾಂತವ್ವ ಬಂದಿದ್ದರು.

ಬಾಗಿಲು ತೆಗೆದವರು ಅವರೇ. ಒಳಗೆ ಲೋಬಾನದ ವಾಸನೆ, ಬಿಸಿ. ಕಿಟಕಿಗಳ ಸಂದುಗಳಲ್ಲೆಲ್ಲ ಹಳೆಯ ಸೀರೆಯ ತುಂಡುಗಳನ್ನು ತುರುಕಿದ್ದರು. ವಿದ್ಯಾ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದರು.

“ನಾಕ್ ದಿನ ಆತು, ತಲಿ ಸಿಡೀತೈತಿ ಅಂತಾಳ. ಉಂಡದ್ದು ನಿಲ್ಲವಲ್ದು,” ಎಂದರು ಶಾಂತವ್ವ. “ಥಂಡಿನ ಹತ್ತೇತಿ. ಈ ಮಷಿನ್ ಆರಿದಾಗೊಮ್ಮೆ ನಾನ ಬಟನ್ ಒತ್ತಿ ಹಚ್ಚಾಕತ್ತೀನಿ ನೋಡ್ರಿ.”

ತಲೆನೋವು, ವಾಂತಿ, ಪದೇ ಪದೇ ಆರುವ ಹೀಟರ್: ಆ ಮಾತಿಗೇ ನನ್ನ ಕಿವಿ ನೆಟ್ಟಗಾಗಬೇಕಿತ್ತು, ಆಗಲಿಲ್ಲ. ನಾನು ಟಾರ್ಚ್ ಹಿಡಿದು ಹಿತ್ತಿಲಿಗೆ ಹೋದೆ.

ನೆಲದ ಕೆಳಗೆ ಹೋಗುವ ಕಂಡಿ ಎರಡಡಿ ಎತ್ತರವೂ ಇರಲಿಲ್ಲ. ಒದ್ದೆ ಮಣ್ಣಿನ ಮೇಲೆ ಹೊಟ್ಟೆಯಲ್ಲಿ ತೆವಳಬೇಕು. ತಲೆ ಎತ್ತಿದರೆ ತೊಲೆ ಬಡಿಯುತ್ತದೆ. ಪೆಟ್ಟಿಗೆಯ ಮುಚ್ಚಳ ತೆಗೆದು ಬರ್ನರ್ ಹಚ್ಚಿದೆ. ಉರಿ ನೀಲಿಯಾಗಿ, ನೆಟ್ಟಗೆ ನಿಂತಿತು. ನಿಮಿಷ ಕಳೆದು ಫ್ಯಾನ್ ಶುರುವಾದದ್ದೇ ತಡ, ಉರಿ ಹಳದಿಗೆ ತಿರುಗಿ ನನ್ನ ಮುಖದತ್ತ ಬಾಗಿತು. ಫ್ಯಾನಿನ ಗಾಳಿ ಗೂಡಿನೊಳಗೆ ನುಗ್ಗುತ್ತಿದೆ ಎಂದರೆ ತಗಡು ಬಿರುಕು ಬಿಟ್ಟಿದೆ ಎಂದೇ ಅರ್ಥ. ಕೂಡಲೇ ಗ್ಯಾಸ್ ಮುಚ್ಚಿ, ಕನ್ನಡಿ ತೂರಿಸಿ ನೋಡಿದೆ. ಬೆಸುಗೆಯ ಉದ್ದಕ್ಕೂ ಗೇಣುದ್ದದ ಸೀಳು, ಅಂಚಿನಲ್ಲಿ ಹಳೆಯ ತುಕ್ಕು. ಒಂದು ತಿಂಗಳಲ್ಲಿ ಆದದ್ದಲ್ಲ ಅದು.

ಮುಚ್ಚಳದ ಒಳಬದಿಗೆ ಹಿಂದಿನ ವರ್ಷದ ಸರ್ವಿಸ್ ಚೀಟಿ ಅಂಟಿತ್ತು. ‘ಹೀಟ್ ಎಕ್ಸ್‌ಚೇಂಜರ್ ಪರೀಕ್ಷಿಸಿದೆ’ ಎಂಬ ಸಾಲಿನ ಮುಂದೆ ಟಿಕ್ ಗುರುತು. ಕೆಳಗೆ ನನ್ನ ಸಹಿ.

ನಾನು ಪರೀಕ್ಷಿಸಿರಲಿಲ್ಲ. ಅವತ್ತು ಮಳೆ, ಇನ್ನೂ ಎರಡು ಮನೆ ಬಾಕಿ. ಫ್ಯಾನ್ ಓಡುವ ಮೊದಲು ಉರಿಯ ಬಣ್ಣ ನೋಡಿ, “ಹೊಸದು ಬೇಡ, ಇನ್ನೂ ಐದು ವರ್ಷಕ್ಕೆ ಮೋಸವಿಲ್ಲ” ಎಂದು ಪ್ರಸನ್ನರಿಗೆ ಹೇಳಿ ಹೊರಟಿದ್ದೆ.

ತಲೆಯ ಮೇಲಿನ ಹಲಗೆಗಳಲ್ಲಿ ಶಾಂತವ್ವನ ಹೆಜ್ಜೆ ಕೇಳಿಸುತ್ತಿತ್ತು. ಮಗು ಅಳುತ್ತಿತ್ತು. ಮುಂದೆ ಆ ಪೆಟ್ಟಿಗೆ, ಬೆನ್ನಿಗೆ ತೊಲೆ. ಚೀಟಿಯ ಒಂದು ಮೂಲೆ ಆಗಲೇ ಎದ್ದಿತ್ತು, ಎಳೆದರೆ ಬಂದುಬಿಡುತ್ತಿತ್ತು. ಹೀಟರ್ ಹಳೆಯದಾಗಿದೆ, ಬದಲಿಸಿ ಎಂದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ನಿಜ ಹೇಳಿದರೆ ಲೈಸೆನ್ಸ್ ಉಳಿಯುತ್ತದೋ ಇಲ್ಲವೋ. ಮೇಲೆ ಅವರು ಇನ್ನೂ ಅದೇ ಗಾಳಿಯನ್ನು ಉಸಿರಾಡುತ್ತಿರುವಾಗ ನಾನು ಹೀಗೆ ಲೆಕ್ಕ ಹಾಕುತ್ತ ಮಲಗಿದ್ದೆ. ಎರಡು ನಿಮಿಷ ಇದ್ದೀತು. ಆ ಎರಡು ನಿಮಿಷವನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಚೀಟಿಯನ್ನು ಮುಟ್ಟದೆ ಹೊರಗೆ ತೆವಳಿದೆ. ಕಾರ್ಬನ್ ಮೊನಾಕ್ಸೈಡ್ ಮೀಟರ್ ಹಿಡಿದು ಬಾಣಂತಿ ಕೋಣೆಗೆ ಹೋದರೆ, ಸೊನ್ನೆ ಇರಬೇಕಾದಲ್ಲಿ ಎಪ್ಪತ್ತು ತೋರಿಸಿತು. ಬಣ್ಣ, ವಾಸನೆ ಯಾವುದೂ ಇಲ್ಲದ ವಿಷಾನಿಲ ಅದು. ನಾನು ಕಿಟಕಿಯ ಸೀರೆ ತುಂಡುಗಳನ್ನು ಕಿತ್ತೆ.

“ಏನ್ ಮಾಡಾಕತ್ತೀರಿ? ಬಾಣಂತಿ ಖೋಲಿ ಅದು,” ಎಂದು ಶಾಂತವ್ವ ಅಡ್ಡ ಬಂದರು.

“ಅಮ್ಮಾ, ಇವರಿಗೆ ಥಂಡಿ ಹತ್ತಿಲ್ಲ. ಹೀಟರಿನ ಹೊಗೆ ಕೋಣೆಯೊಳಗೇ ಬರ್ತಾ ಉಂಟು. ಮಗುವನ್ನು ಎತ್ತಿಕೊಳ್ಳಿ. ಮೊದಲು ಹೊರಗೆ ಬನ್ನಿ.”

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡು ನಡೆದರು. ವಿದ್ಯಾರಿಗೆ ಕಾಲು ನಿಲ್ಲುತ್ತಿರಲಿಲ್ಲ. ನಾನು ತೋಳು ಹಿಡಿದು ಕರೆತಂದು ಮೂವರನ್ನೂ ವ್ಯಾನಿನಲ್ಲಿ ಕೂರಿಸಿ ಆಂಬುಲೆನ್ಸ್ ಕರೆದೆ.

ಅವರು ಆಸ್ಪತ್ರೆಗೆ ಹೋದಮೇಲೆ ನಮ್ಮ ಕಂಪನಿಯ ಮಾಲೀಕರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, ಹಳೇ ಹೀಟರ್ ಎನ್ನು, ಹೋದ ವರ್ಷದ ಮಾತು ಎತ್ತಬೇಡ ಎಂದರು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಸಂಜೆ ಆಸ್ಪತ್ರೆಗೆ ಹೋದೆ. ಪ್ರಸನ್ನ ಸಿಕ್ಕಿದ ವಿಮಾನ ಹಿಡಿದು ಬಂದಿದ್ದರು. ತಾಯಿ, ಮಗು ಇಬ್ಬರ ರಕ್ತದಲ್ಲೂ ವಿಷ ಸೇರಿತ್ತು. ಆಮ್ಲಜನಕ ಕೊಡುತ್ತಿದ್ದಾರೆ, ಡಾಕ್ಟರು ಭಯವಿಲ್ಲ ಎಂದಿದ್ದಾರೆ ಎಂದು ಹೇಳಿ ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

“ಟೈಮಿಗೆ ಸರಿಯಾಗಿ ಬಂದ್ರಿ ಸರ್. ದೇವರ ಹಾಗೆ ಬಂದ್ರಿ.”

ಆ ಕೈಗಳಿಂದ ಬಿಡಿಸಿಕೊಳ್ಳುವುದು ನೆಲದ ಕೆಳಗಿನಿಂದ ಹೊರಬಂದದ್ದಕ್ಕಿಂತ ಕಷ್ಟವಾಯಿತು.

“ಹೋದ ವರ್ಷ ನಾನು ಒಳಗೆ ನೋಡಿರಲಿಲ್ಲ ಪ್ರಸನ್ನ,” ಎಂದೆ. “ನೋಡಿದ್ದೇನೆ ಅಂತ ಬರೆದು ಸಹಿ ಹಾಕಿದೆ. ಅವತ್ತೇ ಬದಲಿಸಿ ಅಂತ ಹೇಳಬೇಕಾಗಿತ್ತೋ ಏನೋ. ನೋಡದ ಕಾರಣ ಅದೂ ನನಗೆ ಗೊತ್ತಿಲ್ಲ.”

ಅವರು ಕೈ ಬಿಟ್ಟರು. “ನೀವಿನ್ನು ಹೊರಡಿ,” ಎಂದಷ್ಟೇ ಹೇಳಿದರು.

ಬೆಂಚಿನ ಮೇಲಿದ್ದ ಶಾಂತವ್ವ ಎದ್ದು ಬಾಗಿಲವರೆಗೂ ನನ್ನ ಜೊತೆ ಬಂದರು. “ಆರಿದಾಗೊಮ್ಮೆ ಹಚ್ಚಿದಾಕಿ ನಾನು,” ಎಂದರು. “ಆದ್ರ ನಂಗ ಗೊತ್ತಿದ್ದಿಲ್ಲ. ನಿಮಗ ಗೊತ್ತಿತ್ತು, ಒಳಗ ನೋಡಬೇಕಂತ.”

ಅವರು ಒಳಗೆ ತಿರುಗಿ ಹೋದರು, ನಾನು ವ್ಯಾನಿನತ್ತ ನಡೆದೆ.

ಗ್ಯಾಸ್ ಸುರಕ್ಷತೆಯ ಅಧಿಕಾರಿಗಳಿಗೆ ನಾನೇ ವರದಿ ಬರೆದು ಕೊಟ್ಟೆ. ಲೈಸೆನ್ಸ್ ಆರು ತಿಂಗಳು ಅಮಾನತಿನಲ್ಲಿತ್ತು. ಆ ಕಂಪನಿಯ ಕೆಲಸ ಹೋಯಿತು. ಪ್ರಸನ್ನ ಹೊಸ ಹೀಟರನ್ನು ಬೇರೆಯವರಿಂದ ಹಾಕಿಸಿದರೆಂದೂ ತಾಯಿ-ಮಗು ಆರೋಗ್ಯವಾಗಿದ್ದಾರೆಂದೂ ಯಾರಿಂದಲೋ ತಿಳಿಯಿತು. ಅವರು ಮತ್ತೆ ನನ್ನನ್ನು ಕರೆಯಲಿಲ್ಲ.

ಅದಾದಮೇಲೆ ನಿವೃತ್ತಿಯಾಗುವ ತನಕ ಇನ್ನೂ ಸಾವಿರಾರು ಹೀಟರುಗಳನ್ನು ನೋಡಿದೆ. ರಿಪೇರಿಯೋ ಹೊಸದೋ ಎಂಬುದಕ್ಕೆ ಯಂತ್ರದ ವಯಸ್ಸು, ತುಕ್ಕು, ಬಿರುಕು ಉತ್ತರ ಕೊಡುತ್ತವೆ. ಅದು ಕಲಿಯಬಹುದಾದ ವಿದ್ಯೆ. ನೋಡದೆ ಇದ್ದುದನ್ನು ‘ನೋಡಿಲ್ಲ’ ಎಂದು ಬರೆಯುವುದಕ್ಕೆ ಮಾತ್ರ ಯಾವ ಕೋರ್ಸೂ ಇಲ್ಲ. ಅದನ್ನು ಕಲಿಯಲು ನನಗೆ ಹದಿನೆಂಟು ದಿನದ ಒಂದು ಕೂಸು ಬೇಕಾಯಿತು.