ಎಡಗಡೆಯ ಹಲಗೆ

ಹಳೆಯ ಕಾಲದ ಹೋಟೆಲುಗಳಲ್ಲಿ ತಂಗುವುದು ಈಗ ಕೆಲವರಿಗೆ ಷೋಕಿ. ಮರದ ಮೆಟ್ಟಿಲು, ಮಣ್ಣಿನ ಗೋಡೆ, ಹಣೆಗೆ ಬಡಿಯುವ ಬಾಗಿಲು ಎಂದರೆ ಸಾಕು, ಫೋಟೊ ತೆಗೆಯಲು ಓಡಿ ಬರುತ್ತಾರೆ. ನನಗೆ ಅಂಥ ಮನೆಗಳೆಂದರೆ ಮೊದಲಿಂದಲೂ ಹೆದರಿಕೆ. ಅಟ್ಟದಲ್ಲಿ ಇಲಿ ಓಡಿದರೆ ಅದು ಇಲಿಯೇ ಎಂದು ನಂಬಲು ನನಗೆ ಬೆಳಗಾಗಬೇಕು. ಆದರೆ ನನ್ನ ಹೆದರಿಕೆ ಹೊರಗೆ ಬರುವುದು ಬೈಗುಳವಾಗಿ. ಹಾಗಾಗಿ ನನ್ನನ್ನು ಬಲ್ಲವರು ಯಾರೂ ಪುಕ್ಕಲಿ ಎನ್ನುವುದಿಲ್ಲ, ಬಾಯಿ ಜೋರು ಎನ್ನುತ್ತಾರೆ.

ಕುಂದಾಪುರದ ಹೊಳೆಬದಿಯ ಆ ಹೋಟೆಲಿನಲ್ಲಿ ನಾವು ತಂಗಿದ್ದು ನನ್ನ ಗಂಡನ ಹಟಕ್ಕೆ. ಬೈಂದೂರಿನಲ್ಲಿ ಸಂಬಂಧಿಕರ ಮದುವೆ ಮುಗಿಸಿ ಬ್ರಹ್ಮಾವರದ ನನ್ನ ತವರಿಗೆ ಹೊರಟಿದ್ದೆವು. ಬಸ್ಸಿನಲ್ಲಿ ಸುಮ್ಮನೆ ಕುಳಿತಿದ್ದರೆ ಮಧ್ಯಾಹ್ನದ ಊಟಕ್ಕೆ ತವರು ಸೇರಬಹುದಿತ್ತು. ಇವರು ಕುಂದಾಪುರ ಬಂದದ್ದೇ ತಡ, ಚೀಲ ಎತ್ತಿಕೊಂಡು ಇಳಿದೇಬಿಟ್ಟರು. ಇವರು ಹುಟ್ಟಿದ್ದು ಹೊಳೆಯ ಆಚೆ ದಡದಲ್ಲಿ. ಸೇತುವೆ ಇಲ್ಲದ ಕಾಲದಲ್ಲಿ ದೋಣಿ ದಾಟಿ ಕುಂದಾಪುರದ ಶಾಲೆಗೆ ಬರುತ್ತಿದ್ದವರು. ದೋಣಿ ನಿಲ್ಲುವ ಕಡವಿನ ಹತ್ತಿರವೇ ಇದ್ದ ಈ ಹೋಟೆಲಿನ ಮಾಳಿಗೆಯಲ್ಲಿ ಒಂದು ರಾತ್ರಿಯಾದರೂ ಮಲಗಬೇಕೆಂದು ಆಗ ಆಸೆಯಿತ್ತಂತೆ. ಕಡೆಯ ದೋಣಿ ತಪ್ಪಿಸಿಕೊಂಡ ದೊಡ್ಡವರಿಗೆ ಮಾತ್ರ ಸಿಗುತ್ತಿದ್ದ ಭಾಗ್ಯ ಅದು.

ನಾನು ಒಪ್ಪಿದ್ದಕ್ಕೆ ಇನ್ನೊಂದು ಕಾರಣವಿತ್ತು. ಎರಡು ವರ್ಷದಿಂದ ಇವರಿಗೆ ಮರೆವು. ಕನ್ನಡಕ ಎಲ್ಲಿಟ್ಟೆ ಎಂಬ ಮರೆವಲ್ಲ, ಕನ್ನಡಕ ಎಂತಕ್ಕೆ ಎಂಬಂಥದ್ದು. ನಾವಿರುವ ಹುಬ್ಬಳ್ಳಿಯಲ್ಲಿ ಡಾಕ್ಟರು ಹೇಳಿದ್ದರು, ಒಬ್ಬರನ್ನೇ ಹೊರಗೆ ಬಿಡಬೇಡಿ, ಹೆಸರು, ಫೋನ್ ನಂಬರ್ ಬರೆದ ಚೀಟಿ ಅವರ ಜೇಬಿನಲ್ಲಿರಲಿ ಎಂದು. ನಾನು ಚೀಟಿ ಬರೆದೆ, ಆದರೆ ನನ್ನ ಪರ್ಸಿನಲ್ಲೇ ಇಟ್ಟುಕೊಂಡೆ. ಜೇಬಿನಲ್ಲಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ. ಮದುವೆಮನೆಯಲ್ಲಿ ಅವರ ಪಕ್ಕ ಬಿಟ್ಟು ಕದಲಲಿಲ್ಲ. ಯಾರಾದರೂ ಗುರುತು ಸಿಕ್ಕಿತೇ ಎಂದು ಕೇಳಿದರೆ ಅವರು ಬಾಯಿ ತೆರೆಯುವ ಮೊದಲೇ ನಾನು ಹೆಸರು ಹೇಳಿ, ಊರು ಹೇಳಿ, ಮಕ್ಕಳನ್ನು ವಿಚಾರಿಸಿ ಮುಗಿಸುತ್ತಿದ್ದೆ. ಇವಳು ಗಂಡನಿಗೆ ಮಾತಾಡಲು ಬಿಡುವುದಿಲ್ಲ ಎಂದು ಅಲ್ಲಿ ಆಡಿಕೊಂಡರಂತೆ. ಆಡಿಕೊಳ್ಳಲಿ. ಹಳೆಯ ಜಾಗ ನೋಡಿದರೆ ನೆನಪು ಸ್ವಲ್ಪ ಮರಳೀತು ಎಂದು ನನಗೂ ಒಳಗೊಳಗೇ ಆಸೆ.

ಹೋಟೆಲ್ ನಾನು ಹೆದರಿದ್ದಂತೆಯೇ ಇತ್ತು. ಹೆಂಚಿನ ಎರಡಂತಸ್ತು, ಒಳಗೆ ಕತ್ತಲೆ, ನಡುವೆ ಒಂದು ಅಂಗಳ, ಅಂಗಳದಲ್ಲಿ ಬಾವಿ. ಬಾವಿಯ ಕಟ್ಟೆ ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲಕ್ಕಿತ್ತು, ಅಷ್ಟೇ. ನೋಡಿದೊಡನೆ ನನಗೆ ಸರಿ ಕಾಣಲಿಲ್ಲ. ಅಂದು ನಮ್ಮನ್ನು ಬಿಟ್ಟರೆ ತಂಗುವವರು ಯಾರೂ ಇರಲಿಲ್ಲ. ಮನೆಯಲ್ಲಿದ್ದವರು ಎಪ್ಪತ್ತು ದಾಟಿದ ಯಜಮಾನರು ಮತ್ತು ಅಡುಗೆ ನೋಡಿಕೊಳ್ಳುವ ಅವರ ಹೆಂಡತಿ.

ಆ ಮನೆಗೆ ಒಂದು ಪದ್ಧತಿ. ಮಾಳಿಗೆಗೆ ಚಪ್ಪಲಿ ಒಯ್ಯುವಂತಿಲ್ಲ. ತಂಗುವವರು ಮೆಟ್ಟಿಲಿನ ಬುಡದಲ್ಲಿ, ಬಲಗಡೆ, ಸಾಲಾಗಿ ಬಿಡಬೇಕು. ದೀಪ ಹಚ್ಚುವ ಹೊತ್ತಿಗೆ ಯಜಮಾನರು ಬಂದು ಚಪ್ಪಲಿ ಎಣಿಸುತ್ತಾರೆ. ಎಲ್ಲ ಜೋಡಿಯೂ ಇದ್ದರೆ ಎಲ್ಲರೂ ಒಳಗಿದ್ದಾರೆ ಎಂದು ಲೆಕ್ಕ, ಮುಂಬಾಗಿಲಿಗೆ ಅಡ್ಡಮರ ಹಾಕುತ್ತಾರೆ. ಒಂದು ಜೋಡಿ ಕಡಿಮೆಯಿದ್ದರೆ ಆ ಮನುಷ್ಯ ಬರುವವರೆಗೆ ಕಾಯುತ್ತಾರೆ. ಅವರ ತಂದೆಯ ಕಾಲದಿಂದಲೂ ಹೀಗೆಯೇ ಅಂತೆ, ಒಮ್ಮೆಯೂ ತಪ್ಪಿದ್ದಿಲ್ಲವಂತೆ. ಮೆಟ್ಟಿಲಿನ ಎಡಗಡೆಗೂ ಗೋಡೆಗೆ ತಾಗಿ ಒಂದು ಉದ್ದ ಹಲಗೆಯಿತ್ತು, ಖಾಲಿ. ಅದು ಯಾಕೆಂದು ನಾನು ಕೇಳಲಿಲ್ಲ.

ಮೆಟ್ಟಿಲು ಕಡಿದಾಗಿದೆ, ನಿಮ್ಮವರಿಗೆ ಏನಾದರೂ ತೊಂದರೆ ಇದೆಯೇ, ಬೇಕಾದರೆ ಕೆಳಗೇ ಕೋಣೆ ಕೊಡುತ್ತೇನೆ ಎಂದು ಅವರು ಕೇಳಿದರು. ಏನೂ ಇಲ್ಲ, ಗಟ್ಟಿಮುಟ್ಟಾಗಿದ್ದಾರೆ ಎಂದೆ. ಸುಳ್ಳು ಹೇಳಿ ಹೇಳಿ ನಾಲಿಗೆ ಪಳಗಿತ್ತು.

ಮಧ್ಯಾಹ್ನದ ಊಟಕ್ಕೆ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು ಉಂಡು ಮೇಲೆ ಹೋದೆವು. ಇವರು ಕಿಟಕಿಯ ಬಳಿ ನಿಂತರು. ಕಡೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿದರು. ಸೇತುವೆ ಆಗಿ ಎಷ್ಟೋ ವರ್ಷವಾಯಿತು, ಈಗ ದೋಣಿ ಇಲ್ಲ ಎಂದೆ. ಹೌದಲ್ಲ ಎಂದು ನಕ್ಕರು. ಐದು ನಿಮಿಷ ಕಳೆದು ಮತ್ತೆ ಅದೇ ಪ್ರಶ್ನೆ. ಮತ್ತೆ ಹೇಳಿದೆ. ಮೂರನೆಯ ಸಲ ಕೇಳಿದಾಗ ಮೂರು ದಿನದ ಮದುವೆಮನೆಯ ದಣಿವೆಲ್ಲ ಒಟ್ಟಿಗೇ ನನ್ನ ತಲೆಗೇರಿತು.

"ದೋಣಿಯೂ ಇಲ್ಲೆ, ಎಂತದೂ ಇಲ್ಲೆ. ಬಾಯ್ ಮುಚ್ಕಂಡ್ ಮಲ್ಕಣಿ."

ಅವರು ಮಲಗಿದರು. ಹೇಳಿದ ಮಾತು ಕೇಳುವ ಮಗುವಿನ ಹಾಗೆ, ಗೋಡೆಯ ಕಡೆ ಮುಖ ಮಾಡಿ. ನನಗೆ ಕೆಡುಕೆನಿಸಿತು, ಆದರೆ ಸಮಾಧಾನ ಹೇಳುವಷ್ಟರಲ್ಲಿ ನಿದ್ದೆ ಬಂತು.

ಎಚ್ಚರವಾದಾಗ ಸಂಜೆಯಾಗಿ ಕಿಟಕಿಯಲ್ಲಿ ಬೆಳಕು ಕಂದಿತ್ತು. ಪಕ್ಕದ ಹಾಸಿಗೆ ಖಾಲಿ. ಕೈಯಿಟ್ಟು ನೋಡಿದೆ, ತಣ್ಣಗಿತ್ತು. ಬಚ್ಚಲಿನಲ್ಲಿ ಇಲ್ಲ, ಮಾಳಿಗೆಯ ಉಳಿದ ಕೋಣೆಗಳಲ್ಲಿ ಇಲ್ಲ. ಮೆಟ್ಟಿಲಿನಲ್ಲಿ ನಾನು ಇಳಿದೆನೋ ಜಾರಿದೆನೋ ಗೊತ್ತಿಲ್ಲ. ಕೆಳಗೆ ಯಜಮಾನರು ಆಗಷ್ಟೇ ಬಾಗಿಲಿಗೆ ಅಡ್ಡಮರ ಹಾಕಿ ಕೈ ಒರೆಸಿಕೊಳ್ಳುತ್ತಿದ್ದರು. ಇವರು ಕಾಣಿಸುತ್ತಿಲ್ಲ ಎಂದೆ. ಅವರು ಮೆಟ್ಟಿಲ ಬುಡ ತೋರಿಸಿದರು.

"ಹೆದ್ರ್ಬೇಡಿ ಅಮ್ಮ. ಎರಡ್ ಜೋಡಿ ಚಪ್ಲಿಯೂ ಇಲ್ಲೇ ಇತ್ತಲೆ. ಅವ್ರ್ ಒಳ್ಗೇ ಇದ್ರ್."

ನೋಡಿದೆ. ನನ್ನ ಚಪ್ಪಲಿ ಇತ್ತು, ಅವರ ಕಂದು ಚಪ್ಪಲಿಯೂ ಇತ್ತು. ಒಂದು ಗಳಿಗೆ ಜೀವ ಬಂದ ಹಾಗಾಯಿತು.

ಕೆಳಗಿನ ಕೋಣೆಗಳನ್ನು ನೋಡಿದೆವು. ಉಗ್ರಾಣ ನೋಡಿದೆವು. ಯಜಮಾನರು ಏಣಿ ಹಾಕಿ ಅಟ್ಟ ಹತ್ತಿ, ಕೆಮ್ಮುತ್ತ ಇಳಿದು ಬಂದರು. ಹಿಂದಿನ ಬಾಗಿಲು ಅಡುಗೆಮನೆಯಲ್ಲಿತ್ತು. ಅವರ ಹೆಂಡತಿ ಮಧ್ಯಾಹ್ನದಿಂದಲೂ ಆ ಹೊಸ್ತಿಲಲ್ಲೇ ಕುಳಿತು ಹಲಸಿನ ಬೀಜ ಸುಲಿಯುತ್ತಿದ್ದರು, ಯಾರೂ ದಾಟಿಲ್ಲ ಎಂದರು. ಮುಂಬಾಗಿಲಿಗೆ ಅಡ್ಡಮರ ಬಿದ್ದಿತ್ತು. ಚಪ್ಪಲಿ ಒಳಗಿತ್ತು. ಮನುಷ್ಯ ಒಳಗಿರಲೇಬೇಕು, ಆದರೆ ಎಲ್ಲಿಯೂ ಇಲ್ಲ. ಹಾಗಾದರೆ ನಾವು ನೋಡದೆ ಉಳಿದ ಜಾಗ ಒಂದೇ. ಮೂವರೂ ಅಂಗಳದ ಬಾವಿಯ ಕಡೆ ತಿರುಗಿದೆವು.

ಬಾವಿಗೆ ಟಾರ್ಚ್ ಬಿಟ್ಟರೆ ಬೆಳಕು ಅರ್ಧಕ್ಕೇ ಮುಗಿಯುತ್ತಿತ್ತು. ನೀರು ಕಾಣಿಸಿದ ಹಾಗೆ, ಕಾಣಿಸದ ಹಾಗೆ. ನಾನು ಗಂಡನ ಹೆಸರು ಹಿಡಿದು ಕೂಗಿದೆ. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಅವರನ್ನು ಹೆಸರಿನಿಂದ ಕರೆದದ್ದು ಅದೇ ಮೊದಲು. ನನ್ನ ದನಿಯೇ ಕೆಳಗಿನಿಂದ ಮರಳಿ ಬಂತು. ಯಜಮಾನರು ಒಳಗೆ ಹೋಗಿ ಪಾತಾಳಗರಡಿ ತಂದರು. ಬಾವಿಗೆ ಬಿದ್ದ ಕೊಡ, ಬಕೆಟ್ ಎತ್ತುವ ಕೊಕ್ಕೆಗಳ ಗೊಂಚಲು ಅದು. ತವರಿನಲ್ಲಿ ಎಷ್ಟು ಸಲ ನೋಡಿದ್ದೇನೆ. ಅದನ್ನು ಮನುಷ್ಯನಿಗಾಗಿ ಇಳಿಸುವುದನ್ನು ನೋಡಿರಲಿಲ್ಲ.

ಹಗ್ಗ ಇಳಿಯುತ್ತಲೇ ಇತ್ತು. ಬಾಯ್ ಮುಚ್ಕಂಡ್ ಮಲ್ಕಣಿ ಎಂಬುದು ನಾನು ಅವರಿಗೆ ಆಡಿದ ಕೊನೆಯ ಮಾತಾಗಬಾರದು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ದೇವರಿಗೆ ಏನೇನು ಹರಕೆ ಹೇಳಿದೆನೋ ನೆನಪಿಲ್ಲ. ಯಜಮಾನರು ಹಗ್ಗ ಆಡಿಸಿದರು, ಎಳೆದರು, ಮತ್ತೆ ಆಡಿಸಿದರು. ಆಮೇಲೆ ಹಗ್ಗ ಬಿಗಿಯಿತು. ಅವರು ಕಟ್ಟೆಗೆ ಕಾಲು ಕೊಟ್ಟು ಎಳೆಯತೊಡಗಿದರು. ಭಾರವಿತ್ತು.

ಎರಡು ವರ್ಷದಿಂದ ನನ್ನ ಅಕ್ಕತಂಗಿಯರಿಗೂ ಹೇಳದೆ ಮುಚ್ಚಿಟ್ಟದ್ದನ್ನು ನಾನು ಆಗ ಗುರುತುಪರಿಚಯವಿಲ್ಲದ ಆ ಇಬ್ಬರ ಮುಂದೆ ಹೇಳಿದೆ. "ಅವ್ರಿಗ್ ನೆನ್ಪ್ ನಿಲ್ಲುದಿಲ್ಲೆ. ನಾನ್ ನಿಮ್ಗ್ ಸುಳ್ಳ್ ಹೇಳ್ದೆ."

ಯಜಮಾನರ ಹೆಂಡತಿ ನನ್ನ ಭುಜ ಹಿಡಿದುಕೊಂಡರು. ಹಗ್ಗ ಮೇಲೆ ಬಂತು. ತುಕ್ಕು ಹಿಡಿದ ಬಕೆಟ್, ಅದರ ತುಂಬ ಕೆಸರು. ಹೋದ ವರ್ಷ ಬಿದ್ದದ್ದು, ಎಷ್ಟು ಸಲ ಹೇಳಿದರೂ ನೀವು ಎತ್ತಲಿಲ್ಲ ಎಂದು ಆಕೆ ಗಂಡನ ಮೇಲೆ ರೇಗಿದರು. ನಾನು ಕಟ್ಟೆಯ ಪಕ್ಕ ನೆಲದ ಮೇಲೆ ಕುಳಿತುಬಿಟ್ಟೆ. ನಗು ಬಂತೋ ಅಳು ಬಂತೋ, ಎರಡೂ ಸರಿಯಾಗಿ ಬರಲಿಲ್ಲ.

ಯಜಮಾನರು ಮಾತ್ರ ಹಗ್ಗ ಕೈಯಲ್ಲಿ ಹಿಡಿದೇ ನಿಂತಿದ್ದರು. ನಿಮ್ಮವರು ಯಾವ ಊರಿನವರು ಎಂದು ಕೇಳಿದರು. ಹೊಳೆಯಾಚೆಯವರು, ದೋಣಿಯಲ್ಲಿ ಶಾಲೆಗೆ ಬರುತ್ತಿದ್ದವರು ಎಂದೆ. ಅದನ್ನೂ ನಾನು ಅವರಿಗೆ ಹೇಳಿರಲಿಲ್ಲ. ಅವರು ಹಗ್ಗ ಬಿಟ್ಟು ಮೆಟ್ಟಿಲಿನ ಕಡೆ ನಡೆದರು. ನಾನೂ ಎದ್ದು ಹೋದೆ. ಆಗ ಕಂಡಿತು. ನನ್ನ ಚಪ್ಪಲಿ ಬಲಗಡೆ ನೆಲದ ಮೇಲಿತ್ತು. ನನ್ನ ಗಂಡನದು ಎಡಗಡೆ, ಆ ಖಾಲಿ ಹಲಗೆಯ ಮೇಲೆ, ಒಂದಕ್ಕೊಂದು ತಾಗಿಸಿ ಚೆಂದವಾಗಿ ಇಟ್ಟಿತ್ತು.

"ಜೋಡಿ ಎಣ್ಸಿದೆ, ಜಾಗ ಕಾಣ್ಲಿಲ್ಲೆ," ಎಂದರು ಯಜಮಾನರು. "ಅಪ್ಪಯ್ಯನ ಕಾಲದಲ್ಲ್ ಹೊಳಿ ಆಚಿಯರ್ ಚಪ್ಲಿ ಇಲ್ಲೇ ಬಿಟ್ಟ್ ದೋಣಿಗ್ ಹೋತಿದ್ರ್."

ಆಚೆ ದಡದಲ್ಲಿ ಇಳಿದರೆ ಮನೆಯವರೆಗೂ ಕೆಸರು, ಗದ್ದೆಯ ಅಂಚು. ಅಲ್ಲಿ ಚಪ್ಪಲಿಗೆ ಕೆಲಸವಿಲ್ಲ. ಅದಕ್ಕೇ ಆ ಕಡೆಯವರು ಪೇಟೆಯ ಚಪ್ಪಲಿಯನ್ನು ಸಂಜೆ ಈ ಹಲಗೆಯ ಮೇಲಿಟ್ಟು ಬರಿಗಾಲಲ್ಲಿ ದೋಣಿ ಹತ್ತುತ್ತಿದ್ದರಂತೆ, ಬೆಳಿಗ್ಗೆ ಬಂದು ಮೆಟ್ಟಿಕೊಳ್ಳುತ್ತಿದ್ದರಂತೆ. ನಾನು ಬ್ರಹ್ಮಾವರದ ಹೆದ್ದಾರಿಯ ಬದಿಯವಳು, ದೋಣಿ ಹತ್ತಿ ಗೊತ್ತಿಲ್ಲ. ಯಜಮಾನರು ಸಂಜೆ ಮುಂಬಾಗಿಲ ಜಗಲಿಯ ಕುರ್ಚಿಯಲ್ಲಿ ಸ್ವಲ್ಪ ಕಣ್ಣು ಮುಚ್ಚಿದ್ದು ಹೌದೆಂದು ಒಪ್ಪಿಕೊಂಡರು. ನಾನು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಅಡ್ಡಮರ ತೆಗೆದರು.

ಕಡವು ಇನ್ನೂರು ಹೆಜ್ಜೆಯೂ ಇಲ್ಲ. ಆ ಇನ್ನೂರು ಹೆಜ್ಜೆ ನಡೆಯುವಾಗ ಬಾವಿಯೇ ವಾಸಿಯಿತ್ತು ಎನಿಸಿತು. ಬಾವಿಗೆ ತಳವಿದೆ. ಇಲ್ಲಿ ಸಮುದ್ರದ ಬದಿಯ ಕೋಡಿಯಿಂದ ಗಾಳಿ ಬೀಸುತ್ತಿತ್ತು, ಉಬ್ಬರ ಏರುತ್ತಿತ್ತು, ಹೊಳೆ ಹಿಂದಕ್ಕೆ ಹರಿಯುತ್ತಿತ್ತು. ಕಡವಿನ ಕಲ್ಲಿನ ಮೆಟ್ಟಿಲುಗಳು ಅರ್ಧ ನೀರಿನಲ್ಲಿ ಮುಳುಗಿದ್ದವು. ನೀರಿಗೆ ಹತ್ತಿರದ ಮೆಟ್ಟಿಲಿನಲ್ಲಿ ಇವರು ಕುಳಿತಿದ್ದರು. ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು. ನೀರು ಪಾದದ ಮೇಲೆ ಬಂದು ಹೋಗುತ್ತಿತ್ತು.

ಕೂಗಲು ಬಾಯಿ ತೆರೆದೆ. ಯಜಮಾನರು ನನ್ನ ಕೈ ಒತ್ತಿದರು. ಮೆಟ್ಟಿಲಿಗೆಲ್ಲ ಪಾಚಿ, ಬೆಚ್ಚಿ ಎದ್ದರೆ ನೇರ ನೀರಿಗೇ ಎಂದು ಪಿಸುಗುಟ್ಟಿದರು. ಹಾಗಾಗಿ ನಾನು ಬೈಯದೆ, ಅಳದೆ, ಏನೂ ಆಗದವಳ ಹಾಗೆ ಒಂದೊಂದೇ ಮೆಟ್ಟಿಲು ಇಳಿಯಬೇಕಾಯಿತು. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಅವರ ಮೇಲಿನ ಮೆಟ್ಟಿಲಿಗೆ ಬಂದು ನಿಂತೆ. ಅವರು ತಿರುಗಿ ನೋಡಿ ಮರ್ಯಾದೆಯಿಂದ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

"ನಿಮ್ಗ್ ಎಲ್ಲಿಗ್ ಹೋಯ್ಕ್?" ಎಂದು ಕೇಳಿದರು.

ಅವರು ನನ್ನನ್ನು ಯಾವತ್ತೂ ಬಹುವಚನದಲ್ಲಿ ಕರೆದವರಲ್ಲ. ಆಚೆ ದಡಕ್ಕೆ ಎಂದೆ.

"ಹಾಂಗಾರ್ ಚಪ್ಲಿ ತೆಗ್ದಿಡಿ. ಆಚಿ ಬದಿ ಪೂರಾ ಕೆಸ್ರ್."

ನಾನು ಚಪ್ಪಲಿ ಕಳಚಿ ಮೆಟ್ಟಿಲ ಮೇಲಿಟ್ಟೆ. ಅವರ ಪಕ್ಕ ಕುಳಿತು ಅವರ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ, ಅವರಿಗೆ ತಿಳಿಯದ ಹಾಗೆ. ಯಜಮಾನರು ಇಳಿದು ಬಂದು, ದಿನವೂ ಹೇಳುವ ಮಾತೆಂಬಂತೆ, ಇವತ್ತಿನ ಕಡೆಯ ದೋಣಿ ಹೋಯಿತು, ರಾತ್ರಿ ನಮ್ಮಲ್ಲೇ ಉಳಿದು ಬೆಳಿಗ್ಗೆ ಹೋದರಾಯಿತು ಎಂದರು. ಅವರ ತಂದೆ ಎಷ್ಟು ಜನರಿಗೆ ಹೀಗೆ ಹೇಳಿರಬಹುದು. ಇವರು ಒಂದು ಮಾತಿಗೂ ಎದುರಾಡದೆ ಎದ್ದರು. ಬೆಳಗಿನಿಂದ ನಾನು ಹೇಳಿದ ಯಾವ ಸತ್ಯವೂ ಅವರನ್ನು ಹಾಗೆ ಒಪ್ಪಿಸಿರಲಿಲ್ಲ. ಅವರನ್ನು ನಡುವೆ ಮಾಡಿಕೊಂಡು ನಾವು ಮೂವರೂ ಮೇಲೆ ಬಂದೆವು. ನನ್ನ ಚಪ್ಪಲಿ ಕಡವಿನಲ್ಲೇ ಉಳಿಯಿತು, ಬೆಳಿಗ್ಗೆ ನೋಡಿದರೆ ಇರಲಿಲ್ಲ.

ಹೋಟೆಲಿನ ಬಾಗಿಲಲ್ಲಿ ಇವರ ಜೇಬಿಗೆ ಆ ಚೀಟಿ ಹಾಕಿದೆ. ಈಗಲೂ ಅಂಗಿ ಬದಲಿಸಿದಾಗೆಲ್ಲ ಅದನ್ನು ಬದಲಿಸುತ್ತೇನೆ. ಒಳಗೆ ಬಂದ ಮೇಲೆ ಯಜಮಾನರು ಅಡ್ಡಮರ ಹಾಕಿದರು. ಇವರು ಮೆಟ್ಟಿಲು ಹತ್ತಲು ಹೊರಟವರು ನಿಂತರು. ಹಲಗೆಯ ಮೇಲಿನ ತಮ್ಮ ಚಪ್ಪಲಿ ನೋಡಿದರು, ಆಮೇಲೆ ನನ್ನ ಬರಿಗಾಲು ನೋಡಿದರು. ಯಜಮಾನರ ಹತ್ತಿರ ಹೋಗಿ ದನಿ ತಗ್ಗಿಸಿ ಹೇಳಿದರು.

"ಇವ್ರಿಗೂ ಒಂದ್ ಜಾಗ ಕೊಡಿ. ಪಾಪ, ದೋಣಿ ತಪ್ಪಿತ್."

ಯಜಮಾನರು ನನ್ನ ಮುಖ ನೋಡಲಿಲ್ಲ. ಆಗಲಿ ಎಂದರು. ಇವರು ಸಮಾಧಾನದಿಂದ ಮೇಲೆ ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡರು. ಪರಹೆಂಗಸಿನ ಎದುರು ಬಾಗಿಲು ತೆರೆದು ಮಲಗುವುದು ಸರಿಯಲ್ಲವಲ್ಲ. ನನಗೆ ಪಕ್ಕದ ಕೋಣೆ ಕೊಟ್ಟರು. ನಾನು ಅಲ್ಲಿಂದ ಚಾಪೆ ತೆಗೆದುಕೊಂಡು ಬಂದು, ಅವರ ಬಾಗಿಲಿಗೆ ಅಡ್ಡವಾಗಿ ಹಾಸಿ ಮಲಗಿದೆ.